ಮರಳಿನ ಮೇಲಿನ ತಾಲೀಮು: 1987ರ ಚಳಿಗಾಲ ಮತ್ತು ‘ಬ್ರಾಸ್‌ಟ್ಯಾಕ್ಸ್’

1986ರ ನವೆಂಬರ್ 16 ಮತ್ತು 17ರಂದು ಬೆಂಗಳೂರಿನಲ್ಲಿ ಸಾರ್ಕ್ ಶೃಂಗಸಭೆ ನಡೆಯಿತು. ಢಾಕಾದಲ್ಲಿ ಹುಟ್ಟಿದ ಸಂಘಟನೆಗೆ ಅದು ಎರಡನೆಯ ಸಭೆ. ಏಳು ದೇಶಗಳ ನಾಯಕರು ಬಂದಿದ್ದರು. ರಾಜೀವ್ ಗಾಂಧಿ ಆತಿಥೇಯರು. ಪಾಕಿಸ್ತಾನದಿಂದ ಬಂದವರು ಪ್ರಧಾನಿ ಮೊಹಮ್ಮದ್ ಖಾನ್ ಜುನೇಜೊ. ಸಿಂಧ್ ಪ್ರಾಂತ್ಯದವರು, ಮೆದು ಮಾತಿನವರು. ದೇಶದ ನಿಜವಾದ ಚುಕ್ಕಾಣಿ ಮಾತ್ರ ಅಧ್ಯಕ್ಷ ಜನರಲ್ ಜಿಯಾ ಉಲ್ ಹಕ್ ಕೈಯಲ್ಲಿತ್ತು. ಸಭೆಯ ಕಲಾಪದಲ್ಲಿ ಬಡತನ, ಮಕ್ಕಳ ಆರೋಗ್ಯ, ಪ್ರವಾಸೋದ್ಯಮ ಇತ್ಯಾದಿಗಳಿದ್ದವು. ಎರಡು ದೇಶಗಳ ನಡುವಿನ ತಕರಾರನ್ನು ಸಾರ್ಕ್ ವೇದಿಕೆಯ ಮೇಲೆ ತರಬಾರದೆಂಬುದು ನಿಯಮ. ಆದರೆ ಸಭೆಯ ಬದಿಯಲ್ಲಿ ನಡೆದ ಖಾಸಗಿ ಮಾತುಕತೆಗೆ ಆ ನಿಯಮ ಇರಲಿಲ್ಲ. ಅಲ್ಲಿ ಜುನೇಜೊ ಒಂದು ವಿಷಯ ಎತ್ತಿದರು: ರಾಜಸ್ಥಾನದ ಮರುಭೂಮಿಯಲ್ಲಿ ನೀವು ನಡೆಸಲಿರುವ ಆ ದೊಡ್ಡ ಸಮರಾಭ್ಯಾಸ ಯಾತಕ್ಕೆ?

ರಾಜೀವ್ ಗಾಂಧಿ ಸಮಾಧಾನದ ಮಾತನಾಡಿದರು. ಜುನೇಜೊ ಸ್ವಲ್ಪ ಹಗುರವಾಗಿಯೇ ಇಸ್ಲಾಮಾಬಾದಿಗೆ ಮರಳಿದರು. ಆದರೆ ಎರಡು ತಿಂಗಳು ಕಳೆಯುವಷ್ಟರಲ್ಲಿ ಎರಡೂ ದೇಶಗಳ ಲಕ್ಷಾಂತರ ಸೈನಿಕರು ಗಡಿಯ ಇಬ್ಬದಿಯಲ್ಲಿ ಮುಖಾಮುಖಿ ನಿಂತಿದ್ದರು. ಯಾರೂ ಯುದ್ಧ ಘೋಷಿಸಿರಲಿಲ್ಲ. ತಮಗೆ ಯುದ್ಧ ಬೇಕಿಲ್ಲವೆಂದೇ ಎಲ್ಲರೂ ಹೇಳುತ್ತಿದ್ದರು. ಒಂದು ತಾಲೀಮು ಯುದ್ಧದ ಹೊಸ್ತಿಲವರೆಗೆ ಹೋಗಿ ನಿಂತ ಕಥೆ ಇದು. ನಮ್ಮ ನೆನಪಿನಲ್ಲಿ 1965 ಇದೆ, 1971 ಇದೆ, ಕಾರ್ಗಿಲ್ ಇದೆ. ನಡೆಯದೇ ಹೋದ ಈ ಯುದ್ಧಕ್ಕೆ ಅಲ್ಲಿ ಜಾಗವಿಲ್ಲ. ನಡೆಯದೇ ಹೋದ ಯುದ್ಧಕ್ಕೆ ಸ್ಮಾರಕ ಕಟ್ಟುವವರು ಯಾರು?

*

ಸಮರಾಭ್ಯಾಸಕ್ಕೆ ಇಟ್ಟ ಹೆಸರು ‘ಬ್ರಾಸ್‌ಟ್ಯಾಕ್ಸ್’. ಪದಶಃ ಅರ್ಥ ಹಿತ್ತಾಳೆಯ ಸಣ್ಣ ಮೊಳೆಗಳು. ಸುತ್ತುಬಳಸದೆ ನೇರ ಅಸಲು ವಿಷಯಕ್ಕೆ ಬರುವುದಕ್ಕೆ ಇಂಗ್ಲಿಷಿನಲ್ಲಿ ಹೀಗೆ ಹೇಳುವ ರೂಢಿಯಿದೆ. ಆದರೆ ಈ ಅಭ್ಯಾಸದ ಅಸಲು ವಿಷಯ ಯಾವುದೆಂಬ ಬಗ್ಗೆ ಇಂದಿಗೂ ಒಮ್ಮತವಿಲ್ಲ.

ಇದರ ಹಿಂದಿದ್ದವರು ಜನರಲ್ ಕೃಷ್ಣಸ್ವಾಮಿ ಸುಂದರ್‌ಜಿ. 1986ರ ಆರಂಭದಲ್ಲಿ ಅವರು ಭೂಸೇನೆಯ ಮುಖ್ಯಸ್ಥರಾದರು. ಓದಿಕೊಂಡವರು, ವಾಗ್ಮಿ, ಮಹತ್ವಾಕಾಂಕ್ಷಿ. ಭಾರತೀಯ ಸೇನೆ ಇನ್ನೂ ಎರಡನೇ ಮಹಾಯುದ್ಧದ ಲಯದಲ್ಲೇ ನಡೆಯುತ್ತಿದೆ ಎಂಬುದು ಅವರ ಚಿಂತೆಯಾಗಿತ್ತು. ಕಾಲಾಳು ನಡೆದುಕೊಂಡು ಹೋಗಿ ಹಳ್ಳ ತೋಡಿ ಕೂರುವ ಕಾಲ ಮುಗಿಯಿತು, ಇನ್ನು ಮುಂದೆ ಟ್ಯಾಂಕು, ಶಸ್ತ್ರಸಜ್ಜಿತ ವಾಹನದಲ್ಲಿ ಸಾಗುವ ಕಾಲಾಳು, ಮೇಲೆ ವಿಮಾನ ಮತ್ತು ಹೆಲಿಕಾಪ್ಟರ್, ಇವೆಲ್ಲವನ್ನೂ ಹೊಲಿದು ಜೋಡಿಸುವ ಸಂಪರ್ಕ ಜಾಲ ಎಲ್ಲವೂ ಏಕಕಾಲಕ್ಕೆ ಚಲಿಸಬೇಕು ಎಂದು ಅವರು ನಂಬಿದ್ದರು. ಯಾಂತ್ರೀಕೃತ ಕಾಲಾಳು ಪಡೆ 1979ರಲ್ಲಿ ರೂಪುಗೊಂಡಾಗ ಅದರ ಹಿಂದಿನ ಮುಖ್ಯ ಶಕ್ತಿ ಅವರೇ. ಈಗ ಇಡೀ ಸೇನೆಯ ಮೇಲೆ ಅದೇ ಪ್ರಯೋಗ ಮಾಡುವ ಅವಕಾಶ ಸಿಕ್ಕಿತ್ತು. ರಕ್ಷಣಾ ಖಾತೆ ಪ್ರಧಾನಿಯ ಬಳಿಯೇ ಇತ್ತು. ರಾಜ್ಯ ಸಚಿವ ಅರುಣ್ ಸಿಂಗ್ ಪ್ರಧಾನಿಯ ಬಾಲ್ಯಸ್ನೇಹಿತ. ಯಂತ್ರ, ವೇಗ, ಹೊಸತನ ಇವುಗಳ ಬಗ್ಗೆ ಮೂವರಿಗೂ ಒಂದೇ ಬಗೆಯ ಉತ್ಸಾಹವಿತ್ತು.

ಅಭ್ಯಾಸಕ್ಕೆ ನಾಲ್ಕು ಹಂತಗಳಿದ್ದವು. ಮೊದಲು ನಕ್ಷೆಯ ಮೇಲೆ, ಆಮೇಲೆ ಮರಳಿನ ಮಾದರಿ ಮತ್ತು ಕಂಪ್ಯೂಟರಿನ ನೆರವಿನಲ್ಲಿ, ಬಳಿಕ ಬಿಡಿಬಿಡಿ ವಿಷಯಗಳ ಮೇಲೆ, ಕೊನೆಗೆ ಮೂರೂ ಪಡೆಗಳು ಸೇರಿ ನಿಜವಾದ ಮೈದಾನದಲ್ಲಿ. ಆ ಕೊನೆಯ ಹಂತವೇ 1987ರ ಚಳಿಗಾಲದ್ದು. ಎರಡು ಶಸ್ತ್ರಸಜ್ಜಿತ ಡಿವಿಷನ್, ಒಂದು ಯಾಂತ್ರೀಕೃತ ಡಿವಿಷನ್, ಹಲವು ಕಾಲಾಳು ಡಿವಿಷನ್ ಪಾಲ್ಗೊಂಡವು. ಸೈನಿಕರ ಸಂಖ್ಯೆಯನ್ನು ಬೇರೆಬೇರೆ ಲೇಖಕರು ಎರಡೂವರೆ ಲಕ್ಷದಿಂದ ನಾಲ್ಕು ಲಕ್ಷದವರೆಗೆ ಅಂದಾಜಿಸಿದ್ದಾರೆ. ಟ್ಯಾಂಕುಗಳು ಸಾವಿರಕ್ಕೂ ಮಿಗಿಲು. ಯುರೋಪಿನಲ್ಲಿ ನೇಟೊ ನಡೆಸುತ್ತಿದ್ದ ವಾರ್ಷಿಕ ಅಭ್ಯಾಸಗಳೂ ಇದರ ಮುಂದೆ ಸಣ್ಣವಾದವು. ಈ ಉಪಖಂಡವಂತೂ ಶಾಂತಿಕಾಲದಲ್ಲಿ ಇಂಥದ್ದನ್ನು ಕಂಡೇ ಇರಲಿಲ್ಲ.

*

ಇಷ್ಟು ದೊಡ್ಡ ಅಭ್ಯಾಸಕ್ಕೆ ಥಾರ್ ಮರುಭೂಮಿಯೇ ಯಾಕೆ? ಜಾಗ ಬೇಕು ಎಂಬುದು ಸರಳ ಉತ್ತರ. ಸಾವಿರ ಟ್ಯಾಂಕುಗಳು ಹರಡಿಕೊಂಡು ಓಡಲು ಗದ್ದೆ, ತೋಟ, ಊರುಗಳಿಂದ ತುಂಬಿದ ನಾಡಿನಲ್ಲಿ ಎಡೆಯಿಲ್ಲ. ಬಿಕಾನೇರ್, ಜೈಸಲ್ಮೇರ್ ಸೀಮೆಗಳಲ್ಲಿ ಆ ಬಯಲಿದೆ. ಆದರೆ ಮರುಭೂಮಿ ಖಾಲಿ ಮೈದಾನವಲ್ಲ, ಅದೂ ಒಂದು ಎದುರಾಳಿ. ಮರಳು ಎಂಜಿನ್ನಿನ ಗಾಳಿ ಸೋಸುವ ಫಿಲ್ಟರುಗಳನ್ನು ಕಟ್ಟಿಹಾಕುತ್ತದೆ, ಬೇರಿಂಗುಗಳನ್ನು ಅರೆಯುತ್ತದೆ, ಬಂದೂಕಿನ ಸಂದಿಗಳಲ್ಲಿ ಸೇರಿಕೊಳ್ಳುತ್ತದೆ. ದಿಬ್ಬಗಳು ಜಾಗ ಬದಲಿಸುವುದರಿಂದ ಹಳೆಯ ನಕ್ಷೆ ಸುಳ್ಳು ಹೇಳುತ್ತದೆ. ಉಪಗ್ರಹ ನೋಡಿ ದಾರಿ ಹೇಳುವ ಸಾಧನಗಳು ಆಗ ಸೈನಿಕರ ಕೈಯಲ್ಲಿರಲಿಲ್ಲ. ಗುರುತಿಗೆ ಮರವಿಲ್ಲ, ಗುಡ್ಡವಿಲ್ಲ. ಒಂದು ಟ್ಯಾಂಕ್ ತುಕಡಿ ಹೊರಟರೆ ಅದು ಎಬ್ಬಿಸುವ ಧೂಳಿನ ಮೋಡ ಹಲವು ಮೈಲಿ ಆಚೆಗೂ ಕಾಣುತ್ತದೆ. ಬಚ್ಚಿಟ್ಟುಕೊಳ್ಳಲು ಆಗುವುದಿಲ್ಲ. ಹಗಲಿನ ಬಿಸಿಲಿಗೆ ಲೋಹ ಕಾಯುತ್ತದೆ, ಜನವರಿಯ ರಾತ್ರಿಗಳಲ್ಲಿ ನೀರು ಹೆಪ್ಪುಗಟ್ಟುವಷ್ಟು ಚಳಿ. ಕುಡಿಯುವ ನೀರಿನ ಲಾರಿ ಬಾರದಿದ್ದರೆ ಡಿವಿಷನ್ ಎಷ್ಟೇ ದೊಡ್ಡದಿದ್ದರೂ ಒಂದೆರಡು ದಿನದಲ್ಲಿ ನಿಷ್ಪ್ರಯೋಜಕ.

ಈ ಪಾಠವನ್ನು ಪಾಕಿಸ್ತಾನದ ಸೇನೆ 1971ರ ಡಿಸೆಂಬರಿನಲ್ಲಿ ಲೋಂಗೇವಾಲಾದಲ್ಲಿ ಕಲಿತಿತ್ತು. ರಾತ್ರಿ ಗಡಿ ದಾಟಿ ಬಂದ ಅದರ ಟ್ಯಾಂಕುಗಳು ಮೆದು ಮರಳಿನಲ್ಲಿ ತಡವರಿಸಿದವು. ಬೆಳಗಾದ ಮೇಲೆ ಜೈಸಲ್ಮೇರಿನಿಂದ ಹಾರಿಬಂದ ಹಂಟರ್ ವಿಮಾನಗಳು ಅವುಗಳನ್ನು ಒಂದೊಂದಾಗಿ ಹೊಡೆದವು. ಬಯಲಿನಲ್ಲಿ ಟ್ಯಾಂಕು ಉಳಿಯಬೇಕಾದರೆ ಮೇಲೆ ತನ್ನದೇ ವಿಮಾನ ಇರಬೇಕು ಎಂಬುದು ಆ ಬೆಳಗಿನ ನೀತಿ. ಬ್ರಾಸ್‌ಟ್ಯಾಕ್ಸ್‌ನಲ್ಲಿ ಭೂಸೇನೆ ಮತ್ತು ವಾಯುಪಡೆ ಜೊತೆಯಾಗಿ ಅಭ್ಯಾಸ ಮಾಡಿದ್ದರ ಹಿಂದೆ ಆ ನೆನಪೂ ಇತ್ತು.

ಅದೇ ಚಳಿಗಾಲದಲ್ಲಿ ಅದೇ ಮರುಭೂಮಿಯಲ್ಲಿ ಇನ್ನೊಂದು ಘಟನೆ ನಡೆಯಿತು. 1958ರಲ್ಲಿ ಅಗೆಯಲು ಶುರುಮಾಡಿದ ರಾಜಸ್ಥಾನ ಕಾಲುವೆ, ಆ ಹೊತ್ತಿಗೆ ಇಂದಿರಾ ಗಾಂಧಿ ಕಾಲುವೆ ಎಂದು ಹೆಸರು ಬದಲಿಸಿಕೊಂಡಿದ್ದದ್ದು, 649 ಕಿಲೋಮೀಟರ್ ಹರಿದು ಜೈಸಲ್ಮೇರ್ ಜಿಲ್ಲೆಯ ಮೋಹನಗಢದ ಬಳಿಯ ತನ್ನ ಕೊನೆಯನ್ನು ಮುಟ್ಟಿತು. 1987ರ ಜನವರಿ 1ರಂದು ಹಿಮಾಲಯದ ನೀರು ಅಲ್ಲಿಗೆ ಬಂತು. ವರ್ಷಗಟ್ಟಲೆ ಬರ ಕಂಡಿದ್ದ ಜನ ಅದನ್ನು ನೋಡಿದರು. ಅದೇ ಸೀಮೆಯ ದಾರಿಗಳಲ್ಲಿ ಟ್ಯಾಂಕುಗಳೂ ಬರುತ್ತಿದ್ದವು. ಸೇನೆಯ ಕಣ್ಣಿಗೆ ಆ ಕಾಲುವೆ ನೀರಾವರಿ ಮಾತ್ರವಲ್ಲ, ಟ್ಯಾಂಕುಗಳನ್ನು ತಡೆಯುವ ಕಂದಕವೂ ಹೌದು.

ಮರುಭೂಮಿಯಲ್ಲಿ ಜನ ಇದ್ದಾರೆ ಎಂಬುದನ್ನು ಸೇನಾ ಇತಿಹಾಸಗಳು ಸಾಮಾನ್ಯವಾಗಿ ಮರೆಯುತ್ತವೆ. ಕಾನೂನು ಮರೆತಿಲ್ಲ. ಬ್ರಿಟಿಷರ ಕಾಲದ, 1938ರ ಒಂದು ಕಾಯಿದೆ ಇಂದಿಗೂ ಜಾರಿಯಲ್ಲಿದೆ. ಯಾವ ಪ್ರದೇಶದಲ್ಲಿ ಸಮರಾಭ್ಯಾಸ ನಡೆಯುತ್ತದೆಂದು ಸರ್ಕಾರ ಮೊದಲೇ ಪ್ರಕಟಿಸಬೇಕು. ಮನೆಗಳಿಗೆ, ಪೂಜಾಸ್ಥಳಗಳಿಗೆ ನುಗ್ಗುವಂತಿಲ್ಲ. ಕಲೆಕ್ಟರು ನೇಮಿಸಿದ ಕಂದಾಯ ಅಧಿಕಾರಿ ಸೈನ್ಯದ ಜೊತೆಯಲ್ಲೇ ಹೋಗಿ, ಹಾಳಾದ ಬೆಳೆಯ ಲೆಕ್ಕ ಹಾಕಿ ಪರಿಹಾರ ನಿಗದಿ ಮಾಡಬೇಕು. ಕಾಗದದ ಮೇಲೆ ಇದು ಸೊಗಸಾದ ಚಿತ್ರ: ಮುಂದೆ ಟ್ಯಾಂಕು, ಹಿಂದೆ ದಫ್ತರ ಹಿಡಿದ ಕಂದಾಯ ನಿರೀಕ್ಷಕ. ಆದರೆ ಸಜ್ಜೆ ಅಥವಾ ಕಡಲೆಯ ಹೊಲ ತುಳಿದರೆ ಲೆಕ್ಕ ಹಾಕಬಹುದು. ಮೇಲ್ಪದರದ ಹುಲ್ಲು, ಪೊದೆ ಕಿತ್ತು ಮರಳು ಸಡಿಲವಾದರೆ, ಮೇಕೆ ಕುರಿ ಮೇಯುವ ಬಯಲು ಹೋದರೆ ಅದನ್ನು ಯಾವ ಕಲಮಿನಲ್ಲಿ ಬರೆಯುವುದು? ಬಿಕಾನೇರ್ ಬಳಿಯ ಮಹಾಜನ್ ಎಂಬಲ್ಲಿ ಫಿರಂಗಿ ಅಭ್ಯಾಸದ ಕಾಯಂ ವಲಯ ಮಾಡಲು ಆ ದಶಕದಲ್ಲೇ ಹಲವು ಹಳ್ಳಿಗಳನ್ನು ಎಬ್ಬಿಸಲಾಯಿತು. ಯುದ್ಧವಿಲ್ಲದ ಕಾಲದಲ್ಲೂ ಯುದ್ಧಸಿದ್ಧತೆಗೆ ಬೆಲೆ ತೆತ್ತವರು ಅವರು.

*

ಈಗ ಗಡಿಯ ಆಚೆ ಬದಿಯಿಂದ ನೋಡೋಣ. ಪಾಕಿಸ್ತಾನದ ನಕ್ಷೆ ತೆಗೆದು ಕರಾಚಿಯಿಂದ ಲಾಹೋರಿಗೆ ಹೋಗುವ ರೈಲು ಹಳಿಯ ಮೇಲೆ ಬೆರಳಿಟ್ಟು ಎಳೆದರೆ ಅದರ ಭಯ ತಿಳಿಯುತ್ತದೆ. ಸುಕ್ಕೂರ್, ರಹೀಂ ಯಾರ್ ಖಾನ್, ಬಹಾವಲ್‌ಪುರ: ದೇಶದ ಬೆನ್ನುಹುರಿಯಂಥ ಆ ರೈಲುದಾರಿ, ಹೆದ್ದಾರಿಗಳು ರಾಜಸ್ಥಾನದ ಗಡಿಗೆ ಹತ್ತಿರವೇ ಸಾಗುತ್ತವೆ. ಮರಳು ದಾಟಿ ಬಂದ ಸೈನ್ಯ ಅಲ್ಲಿ ಒಂದು ಕಡೆ ಕತ್ತರಿಸಿದರೆ ಸಿಂಧ್ ಪ್ರಾಂತ್ಯ ಪಂಜಾಬಿನಿಂದ ಬೇರೆಯಾಗುತ್ತದೆ. ಸಿಂಧ್ ಆಗ ಕುದಿಯುತ್ತಿತ್ತು. ಬೆನಜೀರ್ ಭುಟ್ಟೊ 1986ರ ಏಪ್ರಿಲಿನಲ್ಲಿ ದೇಶಕ್ಕೆ ಮರಳಿದ್ದರು, ಜಿಯಾ ವಿರುದ್ಧದ ಆಕ್ರೋಶ ಅಲ್ಲಿ ತೀವ್ರವಾಗಿತ್ತು. ಪೂರ್ವ ಪಾಕಿಸ್ತಾನದ ಅತೃಪ್ತಿಯ ನಡುವೆ ಭಾರತೀಯ ಸೇನೆ ಒಳಬಂದು ದೇಶವೇ ಒಡೆದದ್ದು ಕೇವಲ ಹದಿನೈದು ವರ್ಷ ಹಿಂದೆ. ಸುಟ್ಟುಕೊಂಡ ಮಗು ದೀಪ ಕಂಡರೂ ಬೆಚ್ಚುತ್ತದೆ. ಇಲ್ಲಿ ದೀಪವಲ್ಲ, ಸಾವಿರ ಟ್ಯಾಂಕು.

ಪಾಕಿಸ್ತಾನದ ಸೇನೆಯೂ ಆ ಚಳಿಗಾಲದಲ್ಲಿ ತನ್ನದೇ ಅಭ್ಯಾಸ ನಡೆಸಿತ್ತು. ‘ಸಫ್-ಎ-ಶಿಕನ್’ ಮತ್ತು ‘ಫ್ಲೈಯಿಂಗ್ ಹಾರ್ಸ್’ ಅವುಗಳ ಹೆಸರು. ಅಭ್ಯಾಸ ಮುಗಿದ ಮೇಲೆ ಸೈನ್ಯ ದಂಡುಗಳಿಗೆ ಮರಳಬೇಕಿತ್ತು, ಮರಳಲಿಲ್ಲ. ದಕ್ಷಿಣದ ಮೀಸಲು ಪಡೆ ಬಹಾವಲ್‌ಪುರದ ಸುತ್ತ ಉಳಿಯಿತು, ಆಮೇಲೆ ಸಟ್ಲೆಜ್ ದಾಟಿ ಭಾರತದ ಪಂಜಾಬಿಗೆ ಎದುರಾಗಿ ಬಂತು. ಉತ್ತರದ ಮೀಸಲು ಪಡೆ ಜನವರಿಯಲ್ಲಿ ಶಕರ್‌ಗಢದತ್ತ ಸರಿಯಿತು. ರಾವಿ ಮತ್ತು ಚಿನಾಬ್ ನದಿಗಳ ನಡುವೆ ಭಾರತದ ಕಡೆಗೆ ಚಾಚಿಕೊಂಡಿರುವ ತುಂಡು ಅದು. ಅದರ ಎದುರಿಗೇ ಪಠಾಣ್‌ಕೋಟ್‌ನಿಂದ ಜಮ್ಮುವಿಗೆ ಹೋಗುವ ದಾರಿ ಇದೆ.

ಈಗ ಬೆಚ್ಚುವ ಸರದಿ ದಿಲ್ಲಿಯದು. ಭಾರತದ ದೊಡ್ಡ ಸೈನ್ಯವೆಲ್ಲ ರಾಜಸ್ಥಾನದ ಮರಳಿನಲ್ಲಿದೆ. ಪಂಜಾಬಿನ ಕಡೆ ಕಾವಲು ತೆಳುವಾಗಿದೆ. ಪಂಜಾಬು ಉರಿಯುತ್ತಿದೆ: ಹಿಂದಿನ ಏಪ್ರಿಲಿನಲ್ಲಷ್ಟೇ ಸ್ವರ್ಣಮಂದಿರದಿಂದ ಖಲಿಸ್ತಾನದ ಘೋಷಣೆ ಹೊರಟಿತ್ತು. ಎರಡು ಮೀಸಲು ಪಡೆಗಳು ಇಕ್ಕಳದ ಎರಡು ತೋಳುಗಳಂತೆ ಮುಚ್ಚಿಕೊಂಡರೆ ಪಂಜಾಬಿನ ದೊಡ್ಡ ಭಾಗ ಮತ್ತು ಕಾಶ್ಮೀರದ ದಾರಿ ಎರಡೂ ಹೋದಂತೆ. ಜೊತೆಗೆ ಅರುಣಾಚಲದ ಸುಮ್ದೊರೊಂಗ್ ಚು ಕಣಿವೆಯಲ್ಲಿ ಚೀನಾ ಸೇನೆಯ ಎದುರಿಗೂ ಭಾರತೀಯ ಸೈನಿಕರು ನಿಂತಿದ್ದರು.

ಎರಡೂ ಕಡೆಯ ಭಯ ಒಂದರ ಪಡಿಯಚ್ಚಿನಂತೆ ಇನ್ನೊಂದು ಇತ್ತು. ಒಬ್ಬರಿಗೆ ಸಿಂಧ್, ಇನ್ನೊಬ್ಬರಿಗೆ ಪಂಜಾಬ್. ಪಾಕಿಸ್ತಾನ ತನ್ನ ಪಡೆಗಳನ್ನು ಸರಿಸಿದ್ದು ರಕ್ಷಣೆಗೆಂದು. ಆದರೆ ರಕ್ಷಣೆಗೆ ನಿಂತ ಟ್ಯಾಂಕೂ ದಾಳಿಗೆ ನಿಂತ ಟ್ಯಾಂಕೂ ಆಕಾಶದಿಂದ ತೆಗೆದ ಫೋಟೋದಲ್ಲಿ ಒಂದೇ ಥರ ಕಾಣುತ್ತವೆ. ನಾಟಕದ ತಾಲೀಮು ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತದೆ. ಗರಡಿಯ ತಾಲೀಮೂ ಹಾಗೆಯೇ. ಪಕ್ಕದ ಮನೆಯ ಅಂಗಳಕ್ಕೆ ಮುಖಮಾಡಿ ಕತ್ತಿ ಬೀಸುತ್ತ ‘ಇದು ಬರೀ ತಾಲೀಮು’ ಅಂದರೆ, ಹಳೆಯ ಜಗಳವಿರುವ ನೆರೆಯವನು ನಂಬಬೇಕಾದರೂ ಹೇಗೆ?

*

ಇದನ್ನು ತಡೆಯುವ ವಿದ್ಯೆ ಲೋಕದಲ್ಲಿ ಆಗಲೇ ಇತ್ತು. ಯುರೋಪಿನ ಎರಡು ಬಣಗಳು 1975ರಲ್ಲಿ ಹೆಲ್ಸಿಂಕಿಯಲ್ಲಿ ಒಂದು ಒಪ್ಪಂದಕ್ಕೆ ಬಂದಿದ್ದವು: 25,000ಕ್ಕಿಂತ ಹೆಚ್ಚು ಸೈನಿಕರ ಅಭ್ಯಾಸವಾದರೆ 21 ದಿನ ಮುಂಚೆ ತಿಳಿಸಬೇಕು. 1983ರ ನವೆಂಬರಿನಲ್ಲಿ ನೇಟೊದ ‘ಏಬಲ್ ಆರ್ಚರ್’ ಎಂಬ ಅಣ್ವಸ್ತ್ರ ಪ್ರಯೋಗದ ಅಣಕು ಅಭ್ಯಾಸ ಮಾಸ್ಕೋದಲ್ಲಿ ನಿಜವಾದ ಗಾಬರಿ ಹುಟ್ಟಿಸಿತ್ತು. 1986ರ ಸೆಪ್ಟೆಂಬರ್ 19ರಂದು ಸ್ಟಾಕ್‌ಹೋಮಿನಲ್ಲಿ ನಿಯಮ ಇನ್ನಷ್ಟು ಬಿಗಿಯಾಯಿತು. 13,000 ಸೈನಿಕರು ಅಥವಾ 300 ಟ್ಯಾಂಕು ಇದ್ದರೆ 42 ದಿನ ಮುಂಚೆ ತಿಳಿಸಬೇಕು, 17,000 ದಾಟಿದರೆ ಎದುರಿನವರ ವೀಕ್ಷಕರನ್ನು ಕರೆಯಬೇಕು. ಈ ನಿಯಮ ಜಾರಿಗೆ ಬಂದದ್ದು 1987ರ ಜನವರಿ 1ರಂದು, ಮೋಹನಗಢಕ್ಕೆ ನೀರು ಬಂದ ಅದೇ ದಿನ. ಅದೇ ವಾರಗಳಲ್ಲಿ ಯುರೋಪಿನ ಮಿತಿಗಿಂತ ಹತ್ತಾರು ಪಟ್ಟು ದೊಡ್ಡ ಅಭ್ಯಾಸ ನಡೆಯುತ್ತಿದ್ದ ನಮ್ಮ ಉಪಖಂಡದಲ್ಲಿ ಹೀಗೆಂದು ಬರೆದುಕೊಟ್ಟ ಒಂದು ಸಾಲೂ ಇರಲಿಲ್ಲ. ಎರಡೂ ಸೇನೆಗಳ ಕಾರ್ಯಾಚರಣೆ ಮುಖ್ಯಸ್ಥರ ನಡುವೆ 1971ರ ಯುದ್ಧದ ಬಳಿಕ ಹಾಕಿದ ಒಂದು ದೂರವಾಣಿ ಇತ್ತು, ನಿಜ. ಆದರೆ ಏನು ಹೇಳಬೇಕು, ಎಷ್ಟು ಹೇಳಬೇಕು ಎಂಬ ನಿಯಮವಿಲ್ಲದ ಮೇಲೆ ದೂರವಾಣಿ ಬರೀ ತಂತಿ.

ಜನವರಿ ಮೂರನೇ ವಾರದಿಂದ ಘಟನೆಗಳು ವೇಗವಾಗಿ ಉರುಳಿದವು. ಭಾರತ ವಿಮಾನಗಳಲ್ಲಿ ಸೈನಿಕರನ್ನು ಪಂಜಾಬಿಗೆ ಸಾಗಿಸಿತು. ಜನವರಿ 23ರಂದು ಪಡೆಗಳು ಪೂರ್ಣ ಕಟ್ಟೆಚ್ಚರದ ಸ್ಥಿತಿಗೆ ಬಂದವು. ಜನವರಿ 24ರಂದು ಹಣಕಾಸು ಸಚಿವರಾಗಿದ್ದ ವಿಶ್ವನಾಥ ಪ್ರತಾಪ್ ಸಿಂಗ್ ರಕ್ಷಣಾ ಸಚಿವರಾದರು. ಇವೆಲ್ಲದರ ನಡುವೆ, ಜನವರಿ 21ರಂದು, ವಿದೇಶಾಂಗ ಕಾರ್ಯದರ್ಶಿ ಎ.ಪಿ. ವೆಂಕಟೇಶ್ವರನ್ ತಮ್ಮ ಕೆಲಸ ಹೋದ ಸುದ್ದಿಯನ್ನು ಪ್ರಧಾನಿಯ ತುಂಬಿದ ಪತ್ರಿಕಾಗೋಷ್ಠಿಯಲ್ಲಿ ಕೂತು ಕೇಳಬೇಕಾಯಿತು. ಪಾಕಿಸ್ತಾನದ ಪತ್ರಕರ್ತರೊಬ್ಬರ ಪ್ರಶ್ನೆಗೆ ಉತ್ತರಿಸುತ್ತ ರಾಜೀವ್, ಸದ್ಯದಲ್ಲೇ ಹೊಸ ಕಾರ್ಯದರ್ಶಿ ಬರುತ್ತಾರೆ ಎಂಬರ್ಥದ ಮಾತು ಹೇಳಿಬಿಟ್ಟರು. ಗಡಿಯಲ್ಲಿ ಸೈನ್ಯ ನಿಂತಿರುವಾಗ ನೆರೆಯವನೊಂದಿಗೆ ಮಾತಾಡಬೇಕಾದ ಮುಖ್ಯ ಅಧಿಕಾರಿಯ ಕುರ್ಚಿ ಹೀಗೆ ಖಾಲಿಯಾಯಿತು.

ಆದರೂ ಮಾತು ನಡೆಯಿತು, ಅದೇ ಕೊನೆಗೆ ಕೈಹಿಡಿದದ್ದು. ಬೆಂಗಳೂರಿನಲ್ಲಿ ಮುಖ ಕಂಡಿದ್ದ ಇಬ್ಬರು ಪ್ರಧಾನಿಗಳು ದೂರವಾಣಿಯಲ್ಲಿ ಮಾತನಾಡಿದರು. ಪಾಕಿಸ್ತಾನದ ವಿದೇಶಾಂಗ ಕಾರ್ಯದರ್ಶಿ ಅಬ್ದುಲ್ ಸತ್ತಾರ್ ಜನವರಿ ಕೊನೆಯಲ್ಲಿ ದಿಲ್ಲಿಗೆ ಬಂದರು. ಫೆಬ್ರವರಿ 4ರಂದು ಒಪ್ಪಂದವಾಯಿತು: ದಾಳಿ ಮಾಡುವುದಿಲ್ಲ, ಸೈನ್ಯವನ್ನು ವಲಯವಲಯವಾಗಿ ಹಿಂದೆ ಸರಿಸುತ್ತೇವೆ, ಮೊದಲಿಗೆ ರಾವಿ ಮತ್ತು ಚಿನಾಬ್ ನಡುವಿನ ಭಾಗದಿಂದ. ಮಾರ್ಚ್ ಹೊತ್ತಿಗೆ ಮತ್ತೊಂದು ಸುತ್ತಿನ ಮಾತುಕತೆ ಉಳಿದ ವಲಯಗಳಿಗೂ ದಾರಿ ತೋರಿತು. ಅಭ್ಯಾಸವನ್ನು ಮಾತ್ರ ಭಾರತ ಕೈಬಿಡಲಿಲ್ಲ. ಬ್ರಾಸ್‌ಟ್ಯಾಕ್ಸ್ ಮುಗಿಯುವತನಕ ನಡೆದೇ ನಡೆಯಿತು.

ಆ ವಾರಗಳಲ್ಲಿ ಗಡಿಯಿಂದ ದೂರ ನಡೆದ ಇನ್ನೊಂದು ಭೇಟಿಯ ನೆರಳು ಹೆಚ್ಚು ಉದ್ದ. ಜನವರಿ 28ರಂದು ಭಾರತದ ಹಿರಿಯ ಪತ್ರಕರ್ತ ಕುಲದೀಪ್ ನಯ್ಯರ್ ಇಸ್ಲಾಮಾಬಾದಿನಲ್ಲಿ ಅಣುವಿಜ್ಞಾನಿ ಅಬ್ದುಲ್ ಖದೀರ್ ಖಾನ್ ಅವರನ್ನು ಕಂಡರು. ಪಾಕಿಸ್ತಾನಕ್ಕೆ ಬಾಂಬಿನ ಸಾಮರ್ಥ್ಯ ಬಂದಿದೆ ಎಂಬುದು ಖಾನ್ ಮಾತಿನ ಸಾರ. ಮಾರ್ಚ್ 1ರಂದು ಅದು ಲಂಡನ್ನಿನ ‘ಅಬ್ಸರ್ವರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಷ್ಟರಲ್ಲಿ ಒಪ್ಪಂದ ಆಗಿಹೋಗಿತ್ತು. ಹಾಗಾಗಿ ಬಾಂಬಿನ ಭಯದಿಂದ 1987ರ ಯುದ್ಧ ತಪ್ಪಿತು ಎನ್ನುವಂತಿಲ್ಲ. ಆದರೆ ಮುಂದಿನ ಪ್ರತಿಯೊಂದು ಬಿಕ್ಕಟ್ಟಿನಲ್ಲೂ ಆ ಮಾತು ಕೋಣೆಯ ಮೂಲೆಯಲ್ಲಿ ಕೂತೇ ಇತ್ತು.

*

ಅಸಲು ಉದ್ದೇಶ ಏನಿತ್ತು? ಪಶ್ಚಿಮ ಕಮಾಂಡಿನ ಮುಖ್ಯಸ್ಥರಾಗಿದ್ದ ಲೆಫ್ಟಿನೆಂಟ್ ಜನರಲ್ ಪಿ.ಎನ್. ಹೂನ್ ನಿವೃತ್ತಿಯ ನಂತರ, ಇದು ಬರೀ ಅಭ್ಯಾಸವಲ್ಲ, ಪಾಕಿಸ್ತಾನವನ್ನು ಯುದ್ಧಕ್ಕೆ ಎಳೆಯುವ ಯೋಜನೆ ಎಂದು ಬರೆದರು. ಅಮೆರಿಕದ ವಿದ್ವಾಂಸ ಸ್ಕಾಟ್ ಸೇಗನ್ ಕೂಡ, ಪಾಕಿಸ್ತಾನ ಅಣ್ವಸ್ತ್ರ ಹೊಂದುವ ಮುನ್ನವೇ ಹೊಡೆಯುವ ಆಲೋಚನೆ ಸುಂದರ್‌ಜಿಯವರಲ್ಲಿತ್ತು ಎಂದು ವಾದಿಸಿದರು. ಭಾರತ, ಪಾಕಿಸ್ತಾನ, ಅಮೆರಿಕಗಳ ಐವರು ವಿದ್ವಾಂಸರು ಸೇರಿ 1995ರಲ್ಲಿ ತಂದ ಅಧ್ಯಯನ ಹೆಚ್ಚು ಒತ್ತು ಕೊಟ್ಟಿದ್ದು ತಪ್ಪು ತಿಳಿವಳಿಕೆಗೆ. ಎರಡೂ ಕಡೆಯವರು ಎದುರಿನವರ ಚಲನೆಯನ್ನು ಅತಿ ಕೆಟ್ಟದಾಗಿ ಓದಿಕೊಂಡರು, ಒಳಗಿನ ಸಂಸ್ಥೆಗಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳಲಿಲ್ಲ.

ನನಗೆ ತೋರುವುದು ಇದು: ಸೇನಾ ಮುಖ್ಯಸ್ಥರ ಮನಸ್ಸಿನಲ್ಲಿ ಏನಿತ್ತು ಎಂಬ ಪ್ರಶ್ನೆ ರೋಚಕವಾದರೂ ಮುಖ್ಯವಲ್ಲ. ಒಳ್ಳೆಯ ಉದ್ದೇಶವೇ ಇತ್ತೆಂದು ಇಟ್ಟುಕೊಳ್ಳಿ, ಫಲಿತಾಂಶ ಬದಲಾಗುತ್ತಿತ್ತೇ? ಪಾಕಿಸ್ತಾನದ ಕಣ್ಣಿಗೆ ಬಿದ್ದದ್ದು ಮನಸ್ಸಲ್ಲ, ಟ್ಯಾಂಕು. ದೊಡ್ಡ ಅಭ್ಯಾಸ ಯಶಸ್ವಿಯಾಗಬೇಕಾದರೆ ಅದು ನಿಜ ಯುದ್ಧದಂತೆಯೇ ಇರಬೇಕು, ರೈಲಿನಲ್ಲಿ ಟ್ಯಾಂಕು ಬರಬೇಕು, ಮದ್ದುಗುಂಡು ಬರಬೇಕು, ಇಂಧನ ಕೂಡಿಡಬೇಕು. ಎಷ್ಟು ಚೆನ್ನಾಗಿ ತಾಲೀಮು ಮಾಡುತ್ತೀರೋ ಅಷ್ಟೇ ಅದು ಯುದ್ಧದಂತೆ ಕಾಣುತ್ತದೆ. ಈ ಸಿಕ್ಕನ್ನು ಸದುದ್ದೇಶ ಬಿಡಿಸಲಾರದು. ಮುಂಚಿತವಾಗಿ ಹೇಳುವ ಮಾತು ಮಾತ್ರ ಬಿಡಿಸಬಲ್ಲದು. ಬೆಂಗಳೂರಿನಲ್ಲಿ ಕೊಟ್ಟ ಭರವಸೆ ಏಕೆ ಸಾಲಲಿಲ್ಲ ಎಂದರೆ ಅದು ಬಾಯಿಮಾತಾಗಿತ್ತು. ಎಷ್ಟು ಸೈನಿಕರು, ಎಲ್ಲಿ, ಯಾವಾಗಿನಿಂದ ಯಾವಾಗಿನವರೆಗೆ ಎಂಬುದು ಅದರಲ್ಲಿರಲಿಲ್ಲ.

ಈ ಪಾಠವನ್ನು ಎರಡೂ ದೇಶಗಳು ನಿಧಾನವಾಗಿ ಕಲಿತವು. 1989ರ ಡಿಸೆಂಬರಿನಲ್ಲಿ ಪಾಕಿಸ್ತಾನ ತನ್ನ ಇತಿಹಾಸದ ಅತಿ ದೊಡ್ಡ ಅಭ್ಯಾಸ ‘ಜರ್ಬ್-ಎ-ಮೊಮಿನ್’ ನಡೆಸಿದಾಗ ವಿದೇಶಿ ವೀಕ್ಷಕರನ್ನು, ಪತ್ರಕರ್ತರನ್ನು ಕರೆದು ತೋರಿಸಿತು. 1991ರ ಏಪ್ರಿಲ್ 6ರಂದು ದಿಲ್ಲಿಯಲ್ಲಿ ಸಮರಾಭ್ಯಾಸಗಳ ಮುನ್ಸೂಚನೆಯ ಒಪ್ಪಂದಕ್ಕೆ ಸಹಿ ಬಿತ್ತು. ಕೋರ್ ಮಟ್ಟದ ಅಭ್ಯಾಸ ಗಡಿಯಿಂದ 45 ಕಿಲೋಮೀಟರ್ ದೂರದಲ್ಲಿರಬೇಕು, ಡಿವಿಷನ್ ಮಟ್ಟದ್ದು 25 ಕಿಲೋಮೀಟರ್. ಗಡಿಯ 5 ಕಿಲೋಮೀಟರ್ ಒಳಗೆ ಯಾವ ಸೇನಾ ಚಟುವಟಿಕೆಯೂ ಇಲ್ಲ. ಅದರಲ್ಲಿ ಇನ್ನೊಂದು ಷರತ್ತಿದೆ: ಅಭ್ಯಾಸ ಮಾಡುವ ಮುಖ್ಯ ಪಡೆಯ ದಿಕ್ಕು ಎದುರಿನ ದೇಶದ ಕಡೆಗೆ ಇರಬಾರದು. ಕತ್ತಿ ಬೀಸಿಕೋ, ಆದರೆ ನಮ್ಮ ಅಂಗಳಕ್ಕೆ ಬೆನ್ನುಹಾಕಿ ಬೀಸಿಕೋ. ಬ್ರಾಸ್‌ಟ್ಯಾಕ್ಸ್‌ನ ಇಡೀ ಅನುಭವ ಆ ಒಂದು ಷರತ್ತಿನಲ್ಲಿದೆ. ಇನ್ನೊಂದು ಒಪ್ಪಂದ 1988ರ ಡಿಸೆಂಬರ್ 31ರದು. ಅದರಂತೆ ಎರಡೂ ದೇಶಗಳು ತಮ್ಮ ಅಣುಸ್ಥಾವರಗಳ ಪಟ್ಟಿಯನ್ನು ಪ್ರತಿ ಜನವರಿ 1ರಂದು ಪರಸ್ಪರ ಕೊಡುತ್ತವೆ. 1992ರಲ್ಲಿ ಆರಂಭವಾದ ಈ ಪದ್ಧತಿ ಕಾರ್ಗಿಲ್ ನಡೆದ ವರ್ಷವೂ ತಪ್ಪಲಿಲ್ಲ.

ಆದರೆ ಈ ಒಪ್ಪಂದಗಳು ತಡೆಯುವುದು ಆಕಸ್ಮಿಕವನ್ನು ಮಾತ್ರ. ಬೇಕೆಂದೇ ಜಗಳ ತೆಗೆಯುವವನಿಗೆ 45 ಕಿಲೋಮೀಟರ್ ಅಡ್ಡಿಯಲ್ಲ. ಸಂಸತ್ತಿನ ಮೇಲಿನ ದಾಳಿಯ ಬಳಿಕ 2001–02ರಲ್ಲಿ ಇದೇ ರಾಜಸ್ಥಾನದ ಗಡಿಯಲ್ಲಿ ಎರಡೂ ಸೈನ್ಯಗಳು ಹತ್ತು ತಿಂಗಳು ಮುಖಾಮುಖಿ ನಿಂತವು. ಈ ಸಲ ತಾಲೀಮೆಂಬ ಸೋಗು ಯಾರಿಗೂ ಬೇಕಿರಲಿಲ್ಲ. ಹೊಲಗಳಲ್ಲಿ ನೆಲಬಾಂಬುಗಳೂ ಇದ್ದವು.

*

ಬ್ರಾಸ್‌ಟ್ಯಾಕ್ಸ್ ಅನ್ನು ನಾವು ಇಷ್ಟು ಬೇಗ ಮರೆತದ್ದಕ್ಕೆ ಒಂದು ಕಾರಣ, 1987ರ ಏಪ್ರಿಲ್ 16ರ ಸ್ವೀಡನ್ ರೇಡಿಯೋ. ಬೊಫೋರ್ಸ್ ಫಿರಂಗಿಯ ಲಂಚದ ಸುದ್ದಿ ಬಂದ ಮೇಲೆ ರಕ್ಷಣೆ ಎಂದರೆ ಹಗರಣ ಎಂದಾಯಿತು. ವಿ.ಪಿ. ಸಿಂಗ್ ಆ ತಿಂಗಳೇ ರಾಜೀನಾಮೆ ಕೊಟ್ಟರು, ಅರುಣ್ ಸಿಂಗ್ ಕೆಲವು ತಿಂಗಳಲ್ಲಿ ಹೊರನಡೆದರು. ಸುಂದರ್‌ಜಿ 1988ರಲ್ಲಿ ನಿವೃತ್ತರಾದರು. ಮುಂದೆ ಅವರು ಭಾರತ–ಪಾಕಿಸ್ತಾನ ಅಣುಯುದ್ಧದ ಬಗ್ಗೆ ಒಂದು ಕಾದಂಬರಿ ಬರೆದರು. ಹೆಸರು ‘ಹಿಂದೂಸ್ತಾನದ ಕುರುಡರು’ ಎಂಬರ್ಥದ್ದು. ಆನೆಯನ್ನು ಮುಟ್ಟಿನೋಡಿ ಒಬ್ಬೊಬ್ಬ ಒಂದೊಂದು ಹೇಳಿದ ಹಳೆಯ ಕಥೆಯ ನೆನಪು ಅದರಲ್ಲಿದೆ.

ಮತ್ತೊಂದು ಕಾರಣ ಕ್ರಿಕೆಟ್. ಗಡಿಯಲ್ಲಿ ಸೈನ್ಯ ನಿಂತಿದ್ದ ಹೊತ್ತಿನಲ್ಲೇ ಇಮ್ರಾನ್ ಖಾನ್ ತಂಡ ಭಾರತ ಪ್ರವಾಸದಲ್ಲಿತ್ತು. ಮದ್ರಾಸಿನಲ್ಲಿ ಮೊದಲ ಟೆಸ್ಟ್ ನಡೆಯುತ್ತಿರುವಾಗಲೇ ದಿಲ್ಲಿಯಲ್ಲಿ ಒಪ್ಪಂದದ ಸಹಿಯಾಯಿತು. ಫೆಬ್ರವರಿ 21ರಂದು ಜಿಯಾ ಉಲ್ ಹಕ್ ಕ್ರಿಕೆಟ್ ನೋಡುವ ನೆಪದಲ್ಲಿ ಜೈಪುರಕ್ಕೆ ಬಂದಿಳಿದರು. ಅಭ್ಯಾಸ ನಡೆಯುತ್ತಿದ್ದ ರಾಜ್ಯದ ರಾಜಧಾನಿಗೇ. ಆ ಪಂದ್ಯದ ಮೊದಲ ಎಸೆತಕ್ಕೇ ಗಾವಸ್ಕರ್ ಔಟಾದರು. ಮೊದಲ ನಾಲ್ಕು ಟೆಸ್ಟುಗಳು ಡ್ರಾ ಆದವು. ಐದನೆಯದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ, ಮಾರ್ಚ್ 13ರಿಂದ. ನಮ್ಮ ರೋಜರ್ ಬಿನ್ನಿ ತಂಡದಲ್ಲಿದ್ದರು. ಚೆಂಡು ಬುಗುರಿಯಂತೆ ತಿರುಗುತ್ತಿದ್ದ ಪಿಚ್ ಮೇಲೆ ಮಣಿಂದರ್ ಸಿಂಗ್ 27 ರನ್ನಿಗೆ 7 ವಿಕೆಟ್ ಕಿತ್ತರು. ಗಾವಸ್ಕರ್ ತಮ್ಮ ಕೊನೆಯ ಟೆಸ್ಟ್ ಇನಿಂಗ್ಸಿನಲ್ಲಿ 96 ಹೊಡೆದರು. ಭಾರತ 16 ರನ್ನುಗಳಿಂದ ಸೋತಿತು.

ಆ ಪಂದ್ಯವನ್ನು ನೋಡಿದವರು, ರೇಡಿಯೋದಲ್ಲಿ ಕೇಳಿದವರು ಇಂದಿಗೂ ಅದರ ಒಂದೊಂದು ಓವರನ್ನೂ ನೆನೆಯುತ್ತಾರೆ. ಆ 16 ರನ್ನಿನ ನೋವು ಈಗಲೂ ಹಸಿಯಾಗಿದೆ. ಅದಕ್ಕೆ ಎಂಟು ವಾರ ಹಿಂದೆ ಎರಡೂ ದೇಶಗಳು ಯುದ್ಧಕ್ಕೆ ಎಷ್ಟು ಹತ್ತಿರ ಹೋಗಿದ್ದವೆಂಬುದು ಅವರಲ್ಲಿ ಹೆಚ್ಚಿನವರ ನೆನಪಿನಲ್ಲಿಲ್ಲ. ಬಹುಶಃ ಅದು ಒಳ್ಳೆಯದೇ. ಯುದ್ಧವಾಗಿದ್ದರೆ ಆ ಮಾರ್ಚಿನಲ್ಲಿ ಚಿನ್ನಸ್ವಾಮಿಯಲ್ಲಿ ಪಂದ್ಯವೇ ಇರುತ್ತಿರಲಿಲ್ಲ, ಸೋಲಿಗೆ ಬೇರೆಯೇ ಅರ್ಥವಿರುತ್ತಿತ್ತು.

ರಾಜಸ್ಥಾನದಲ್ಲಿ ಈಗಲೂ ಚಳಿಗಾಲ ಬಂದರೆ ಟ್ಯಾಂಕುಗಳು ಬರುತ್ತವೆ. ಮಹಾಜನ್ ವಲಯದಲ್ಲಿ 2021ರ ಫೆಬ್ರವರಿಯಲ್ಲಿ ಅಮೆರಿಕದ ಸೈನಿಕರೂ ಬಂದು ಜೊತೆಗೆ ಅಭ್ಯಾಸ ಮಾಡಿಹೋದರು. ಅಭ್ಯಾಸ ಬೇಡವೆನ್ನಲಾಗದು, ಸೈನ್ಯವಿದ್ದ ಮೇಲೆ ಅದು ತಾಲೀಮು ಮಾಡಲೇಬೇಕು. 1987 ನಮ್ಮನ್ನು ಕೇಳುವುದು ಸಣ್ಣ ಪ್ರಶ್ನೆ: ಹೊರಡುವ ಮುನ್ನ ನೆರೆಯವನಿಗೆ ಹೇಳಿದ್ದೀರಾ? ಬಾಯಿಮಾತಿನಲ್ಲಲ್ಲ, ಬರವಣಿಗೆಯಲ್ಲಿ, ದಿನಾಂಕ ಮತ್ತು ಸಂಖ್ಯೆಯ ಸಮೇತ?